ನಮ್ಮ ಗಲ್ಲಿಗೆ ರಸ್ತೆ ಬಂದ ವರ್ಷ

ರಸ್ತೆ ಎಂದರೆ ಸಾಕು, ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದವರು ಯಾರಾದರೂ ಸುಮ್ಮನಿರಲಾರದೆ "ಈಗ ರಸ್ತೆಗಳೆಲ್ಲ ಎಷ್ಟು ಚೆನ್ನಾಗಾಗಿವೆ ಅಲ್ವಾ" ಎಂದರೋ, ಮುಗಿಯಿತು, ಅವರ ಕಾಫಿ ತಣ್ಣಗಾಗುವವರೆಗೂ ನನ್ನ ಬಾಯಿ ನಿಲ್ಲುವುದಿಲ್ಲ. ನಮ್ಮವರು ಒಳಗಿನಿಂದ ಗಂಟಲು ಸರಿಮಾಡಿಕೊಂಡು ಸನ್ನೆ ಕೊಡುತ್ತಾರೆ, ಸಾಕು ಮಾಡೇ ಎಂದು. ಇವತ್ತು ಬರೆಯಲು ಕೂತಿದ್ದೇನೆ. ಗಂಟಲು ಎಷ್ಟು ಸರಿಮಾಡಿಕೊಂಡರೂ ನನ್ನ ಕೈಯನ್ನಂತೂ ನಿಲ್ಲಿಸಲಾರರು.

ನಾವು ಆ ಊರಿಗೆ ಹೋದದ್ದೇ ಮಗಳಿಗೋಸ್ಕರ. ಅದಕ್ಕೆ ಮೊದಲು ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದೆವು, ಮೇಲಿನ ಮಹಡಿಯಲ್ಲಿ. ನಮ್ಮವರು ಒಂದು ಮಂತ್ರಾಲಯದ ಬಜೆಟ್ ಸೆಕ್ಷನ್ನಿನಲ್ಲಿ ಅಧಿಕಾರಿ. ಮಗಳಿಗೆ ಕೂಸಾಗಿದ್ದಾಗಲೇ ಪೋಲಿಯೊ ಬಂದು ಎರಡು ಕಾಲಿನಲ್ಲೂ ಶಕ್ತಿ ಇಲ್ಲ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಎರಡು ಕಂಕುಳಲ್ಲೂ ಊರುಗೋಲು ಇಟ್ಟುಕೊಂಡು ನಡೆಯುತ್ತಾಳೆ. ಶಾಲೆಗೆ, ಆಮೇಲೆ ಕಾಲೇಜಿಗೆ, ದಿನಾ ಆ ಮೆಟ್ಟಿಲುಗಳನ್ನು ಇಳಿಸಿ ಹತ್ತಿಸಿ ಅವರ ಸೊಂಟ ಹೋಯಿತು, ನನ್ನ ಮಂಡಿ ಹೋಯಿತು. ಅವಳಿಗೂ ಅದು ಸಾಕಾಗಿತ್ತು. ಬೆಳೆದ ಹುಡುಗಿ, ಅಪ್ಪನ ಹೆಗಲ ಮೇಲೆ ಕೂತು ನೆರೆಹೊರೆಯವರ ಮುಂದೆ ಹೋಗುವುದೆಂದರೆ ಮುಖ ಎತ್ತುತ್ತಿರಲಿಲ್ಲ.

ಹಾಗಾಗಿ ಸಾಲ ಮಾಡಿ ದಿಲ್ಲಿಯ ಗಡಿ ದಾಟಿ ಒಂದು ಸಣ್ಣ ಊರಿನಲ್ಲಿ ಮನೆ ಕೊಂಡೆವು. ಊರಿನ ಹೆಸರು ಬೇಡ, ದಿಲ್ಲಿಯ ಸುತ್ತ ಅಂಥವು ಬೇಕಾದಷ್ಟಿವೆ. ಒಂದೇ ಅಂತಸ್ತಿನ ಮನೆ, ಮುಂದೆ ಪುಟ್ಟ ಅಂಗಳ, ಕಬ್ಬಿಣದ ಗೇಟು, ಗೇಟಿನಾಚೆ ಸಮತಟ್ಟಾಗಿ ಗಲ್ಲಿ. ಬಾಗಿಲಿನಿಂದ ಅಂಗಳಕ್ಕೂ ಸಣ್ಣ ಇಳಿಜಾರು, ಒಂದೇ ಒಂದು ಮೆಟ್ಟಿಲಿಲ್ಲ. ನಾವು ಆ ಮನೆ ಕೊಂಡದ್ದೇ ಅದಕ್ಕೆ. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಹಾಸನದ ಕಡೆಯ ಗೆಳತಿಯೊಬ್ಬಳು ಗೃಹಪ್ರವೇಶಕ್ಕೆ ಬಂದವಳು, ಧೂಳು ಒರೆಸಿಕೊಳ್ಳುತ್ತಾ, "ಇದ್ಯಾವ ಹಾಳೂರಿಗೆ ಬಂದ್ರೇ ಮಾರಾಯ್ತಿ!" ಎಂದಳು. ನಾನು ನಕ್ಕುಬಿಟ್ಟೆ. ಅವತ್ತು ನನಗೆ ಯಾರ ಮಾತೂ ತಾಗುವಂತಿರಲಿಲ್ಲ.

ಮಗಳು ಸ್ಕೂಟರ್ ಕಲಿತಳು. ಹಿಂದೆ ಎರಡು ಪಕ್ಕಕ್ಕೂ ಒಂದೊಂದು ಹೆಚ್ಚಿನ ಗಾಲಿ ಹಾಕಿಸಿ, ಬ್ರೇಕನ್ನು ಕೈಗೆ ಬರುವಂತೆ ಮಾಡಿಸಿದ ಸ್ಕೂಟರ್. ಮನೆಯ ಬಾಗಿಲಿನಿಂದ ಊರುಗೋಲಿನಲ್ಲಿ ಅಂಗಳಕ್ಕೆ ಬಂದು, ಸೀಟಿನ ಮೇಲೆ ಕೂತು, ಊರುಗೋಲುಗಳನ್ನು ಪಕ್ಕಕ್ಕೆ ಸಿಕ್ಕಿಸಿ, ಗೇಟಿನಿಂದ ಸೀದಾ ಹೊರಗೆ. ಊರೊಳಗೇ, ರೈಲು ನಿಲ್ದಾಣದ ಹತ್ತಿರ, ಒಂದು ವಿಮೆ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮೊದಲ ದಿನ ಅವಳೊಬ್ಬಳೇ ಹೊರಟಾಗ ನಾನು ಗೇಟು ಹಿಡಿದು ನಿಂತಿದ್ದೆ. ತಿರುವಿನಲ್ಲಿ ಹಿಂತಿರುಗಿ ನೋಡಿ, "ಅಮ್ಮಾ, ಒಳಗೆ ಹೋಗು ಯಾರ್, ಸಬ್ ದೇಖ್ ರಹೇ ಹೈಂ!" ಎಂದು ಕೂಗಿದಳು. ಎಲ್ಲರೂ ನೋಡಲಿ ಎಂದೇ ನಾನು ನಿಂತಿದ್ದದ್ದು.

ಸರಿ, ಎಲ್ಲ ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಗಲ್ಲಿ ಕಿತ್ತುಹೋಯಿತು. ಬಡಾವಣೆ ಮಾಡಿದವನು ಸೈಟು ಮಾರುವ ಆತುರದಲ್ಲಿ ದೋಸೆ ಹುಯ್ದ ಹಾಗೆ ತೆಳ್ಳಗೆ ಡಾಂಬರು ಬಳಿದು ಹೋಗಿದ್ದ. ಅದು ಒಂದೆರಡು ಮಳೆಗಾಲಕ್ಕೆಲ್ಲ ಎದ್ದುಬಂತು. ನೀರಿನ ಪೈಪಿನವರು ಅಗೆದರು, ಅವರು ಮುಚ್ಚುವ ಮೊದಲೇ ಫೋನಿನವರು ಅಗೆದರು. ಉಳಿದದ್ದು ಜಲ್ಲಿ, ಗುಂಡಿ, ಗುಂಡಿಯಲ್ಲಿ ಹಸಿರು ನೀರು. ಸ್ಕೂಟರಿನ ಆ ಹೆಚ್ಚಿನ ಗಾಲಿಗಳಿವೆಯಲ್ಲ, ಸಮತಟ್ಟಾದ ನೆಲದಲ್ಲಿ ಅವು ದೇವರಿದ್ದ ಹಾಗೆ. ಗುಂಡಿಗೆ ಒಂದು ಪಕ್ಕದ್ದು ಇಳಿಯಿತೋ, ಗಾಡಿ ಆ ಕಡೆಗೇ ವಾಲುತ್ತದೆ. ಮಿಕ್ಕವರಾದರೆ ಕಾಲು ಊರಿ ನಿಲ್ಲಿಸಿಕೊಳ್ಳುತ್ತಾರೆ. ಇವಳು ಯಾವ ಕಾಲು ಊರಬೇಕು?

ನಮ್ಮವರು ನಗರಪಾಲಿಕೆಗೆ ಅರ್ಜಿ ಬರೆದರು. ಅವರ ಅರ್ಜಿ ಅಂದರೆ ಕೇಳಬೇಕೆ! ವಿಷಯ, ಉಲ್ಲೇಖ, ಸವಿನಯ ನಿವೇದನೆ, ಕೆಳಗೆ ಅಂಚಿಗೆ ಸರಿಯಾಗಿ ಸಹಿ. ಗಲ್ಲಿಯ ರಸ್ತೆ ಹಾಳಾಗಿದೆ, ದಯವಿಟ್ಟು ದುರಸ್ತಿ ಮಾಡಿಸಿಕೊಡಬೇಕು. ಉತ್ತರ ಬರಲಿಲ್ಲ. ಇನ್ನೊಂದು ಬರೆದರು, ಹಿಂದಿನದರ ಉಲ್ಲೇಖ ಕೊಟ್ಟು. ಆಮೇಲೆ ಮತ್ತೊಂದು, ಹಿಂದಿನ ಎರಡರ ಉಲ್ಲೇಖ ಕೊಟ್ಟು. ಒಂದು ವರ್ಷ ಹೀಗೇ ಹೊಳೆಯಲ್ಲಿ ಹುಣಸೆಹಣ್ಣು ತೊಳೆದರು. ಕೊನೆಗೆ ನಾನೇ, "ರೀ, ಕಾಗದಕ್ಕೆ ಕಾಲಿದೆಯಾ? ಎದ್ದು ಹೋಗಿ ಕೇಳಿ" ಎಂದು ರೇಗಿ, ಒಂದು ಶನಿವಾರ ಅವರ ಜೊತೆ ಹೊರಟೆ.

ಪಾಲಿಕೆಯಲ್ಲಿ ನಮ್ಮ ವಾರ್ಡಿನ ರಸ್ತೆಗಳನ್ನು ನೋಡಿಕೊಳ್ಳುವ ಒಬ್ಬ ಕಿರಿಯ ಎಂಜಿನಿಯರ್ ಇದ್ದ. ಎಲ್ಲರೂ ಅವನನ್ನು ಜೆ.ಇ. ಸಾಹೇಬ್ ಎನ್ನುತ್ತಿದ್ದರು. ಕೆಟ್ಟವನಲ್ಲ. ಕೂರಿಸಿದ, ಚಹಾ ತರಿಸಿದ. ಎಲ್ಲ ಕೇಳಿ, ಕುರ್ಚಿಗೆ ಒರಗಿ ಹೇಳಿದ: "ಸರ್, ಮರಮ್ಮತ್ ಕಾ ಪೈಸಾ ಹೀ ನಹೀಂ ಹೈ." ದುರಸ್ತಿಗೆ ದುಡ್ಡೇ ಇಲ್ಲವಂತೆ. ದುರಸ್ತಿಗೆಂದು ಪಾಲಿಕೆ ಎತ್ತಿಡುವ ಹಣ ಅದರ ಸ್ವಂತ ತೆರಿಗೆಯಿಂದ ಬರಬೇಕು. ಅದು ಸಂಬಳಕ್ಕೆ, ಡೀಸೆಲ್ಲಿಗೆ, ಬೀದಿ ದೀಪಕ್ಕೆ ಮುಗಿದುಹೋಗುತ್ತದೆ. ಹೊಸ ರಸ್ತೆಗಾದರೆ ರಾಜ್ಯ ಸರಕಾರದ ಅನುದಾನ ಪ್ರತಿ ವರ್ಷ ಬರುತ್ತದೆ, ಖರ್ಚಾಗದೆ ವಾಪಸ್ಸೂ ಹೋಗುತ್ತದೆ.

"ಹಾಗಾದರೆ ಹೊಸದೇ ಹಾಕಿ" ಎಂದೆ ನಾನು, ಹಿಂದಿಯಲ್ಲಿ.

"ಹೇಗೆ ಹಾಕೋದು ಬೆಹೆನ್‌ಜಿ? ರಸ್ತೆ ಇದೆ ಅಂತ ಸಾಹೇಬ್ರೇ ಮೂರು ಸಲ ಬರೆದು ಕೊಟ್ಟಿದಾರೆ." ಅವನು ನಗಲಿಲ್ಲ. "ಗಲ್ಲಿ ಕಚ್ಚಾ ಇದೆ, ಮಣ್ಣಿನ ದಾರಿ, ಇಲ್ಲಿ ಇವತ್ತಿನವರೆಗೂ ರಸ್ತೆಯೇ ಆಗಿಲ್ಲ ಅಂತ ಎಲ್ಲ ಮನೆಯವರೂ ಸಹಿ ಹಾಕಿ ಕೊಡಿ. ನಾನು ಹೊಸ ಕೆಲಸದ ಪಟ್ಟಿಗೆ ಹಾಕ್ತೀನಿ. ಸಬ್ ಐಸೇ ಹೀ ಕರ್ತೇ ಹೈಂ." ಎಲ್ಲರೂ ಹೀಗೇ ಮಾಡುವುದಂತೆ.

ನಮ್ಮವರ ಮುಖ ನೋಡಬೇಕಿತ್ತು. ಯಾವ ಹಣ ಯಾವ ಬಾಬ್ತಿಗೆ ಎನ್ನುವ ಈ 'ಹೆಡ್ಡು'ಗಳ ಲೆಕ್ಕದಲ್ಲೇ ಅವರ ಜೀವಮಾನವೆಲ್ಲ ಹೋದದ್ದು. ಸರಕಾರದ ದುಡ್ಡು ಅಂದರೆ ನಮ್ಮ ಅಡಿಗೆಮನೆಯ ಡಬ್ಬಗಳ ಹಾಗೆ. ಸಾಸಿವೆ ಡಬ್ಬದಲ್ಲಿ ಹಾಲಿನವನಿಗೆಂದು ಇಟ್ಟದ್ದನ್ನು ತರಕಾರಿಗೆ ತೆಗೆಯಬಾರದು. ನಾನು ತೆಗೆಯುತ್ತೇನೆ, ಆ ಮಾತು ಬೇರೆ. ಆದರೆ ನಮ್ಮವರು ಆಫೀಸಿನಲ್ಲಿ ಎಂಥೆಂಥ ದೊಡ್ಡವರ ಫೈಲುಗಳನ್ನು ಇದೇ ಮಾತಿಗೆ ವಾಪಸ್ ಕಳಿಸಿದ್ದಾರೆ: ನಿರ್ವಹಣೆಯ ಕೆಲಸಕ್ಕೆ ನಿರ್ಮಾಣದ ಹಣ ಕೊಡುವಂತಿಲ್ಲ. ಅಂಥವರಿಗೆ ಜೆ.ಇ. ಹೇಳಿದ್ದು ಕಿವಿಗೆ ಸೀಸ ಹುಯ್ದ ಹಾಗೆ ಆಗಿರಬೇಕು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

"ಇರೋ ರಸ್ತೇನ ಇಲ್ಲ ಅಂತ ಹೆಂಗೆ ಬರೀಲಿ?" ಎಂದು ದಾರಿಯುದ್ದಕ್ಕೂ ಅದೇ ಮಾತು.

"ಇದನ್ನ ರಸ್ತೆ ಅಂತೀರಾ? ನಾಯಿ ಕೂಡ ಸುತ್ತು ಹಾಕ್ಕೊಂಡು ಹೋಗತ್ತೆ."

"ಕೆಟ್ಟಿದೆ ಕಣೇ. ಇಲ್ಲ ಅಂತಲ್ಲ. ಕೆಟ್ಟಿರೋದಕ್ಕೂ ಇಲ್ಲದಿರೋದಕ್ಕೂ ವ್ಯತ್ಯಾಸ ಇಲ್ವಾ?"

ಇಂಥವರಿಗೆ ಏನು ಹೇಳುವುದು! ಕರ್ನಾಟಕದಿಂದ ಬಂದು ದಿಲ್ಲಿಯ ಕಚೇರಿಗಳಲ್ಲಿ ಕೂದಲು ಹಣ್ಣು ಮಾಡಿಕೊಂಡ ನಮ್ಮ ಗುಮಾಸ್ತರು, ಅಧಿಕಾರಿಗಳು, ಎಲ್ಲರೂ ಒಂದೇ ಅಚ್ಚು. ನಿಯಮ ಅವರಿಗೆ ಮಡಿಬಟ್ಟೆ ಇದ್ದ ಹಾಗೆ, ಒಂದು ಹನಿ ತಾಗಿದರೂ ಮತ್ತೆ ಸ್ನಾನ. ಇನ್ನೊಂದು ವರ್ಷ ದುರಸ್ತಿ ದುರಸ್ತಿ ಎಂದೇ ಅರ್ಜಿ ಹೋಯಿತು. ಪಕ್ಕದ ಗಲ್ಲಿಯವರು ನಮ್ಮಲ್ಲಿ ರಸ್ತೆಯೇ ಇಲ್ಲ ಎಂದು ಬರೆದು ಕೊಟ್ಟು, ಮಾರ್ಚಿನಲ್ಲಿ ಸಿಮೆಂಟ್ ರಸ್ತೆ ಹಾಕಿಸಿಕೊಂಡು, ಹೋಳಿ ಹಬ್ಬಕ್ಕೆ ಅದರ ಮೇಲೆ ಕುಣಿದರು. ನಮ್ಮ ಗಲ್ಲಿಯ ಗುಂಡಿಗಳಿಗೆ ನಾವೇ ಮನೆಮನೆಯವರು ಒಡೆದ ಇಟ್ಟಿಗೆ ತಂದು ತುಂಬಿದೆವು. ಎದುರು ಮನೆಯ ಪಂಜಾಬಿ ಆಂಟಿ ನನ್ನನ್ನು ನೋಡಿದಾಗಲೆಲ್ಲ, "ತುಮ್ಹಾರೇ ಹಸ್ಬೆಂಡ್ ಬಡೇ ಸಚ್ಚೇ ಆದ್ಮೀ ಹೈಂ" ಎನ್ನುತ್ತಿದ್ದಳು. ನಿಮ್ಮ ಗಂಡ ಬಹಳ ಸತ್ಯವಂತರು ಅಂತೆ! ಹೊಗಳಿಕೆಯಲ್ಲ ಅದು, ಉಗಿತ. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ.

ಆ ಇಟ್ಟಿಗೆ ಚೂರುಗಳ ಮೇಲೇ ಮಗಳು ಬಿದ್ದಳು. ಬೆಳಿಗ್ಗೆ ಆಫೀಸಿಗೆ ಹೊರಟಿದ್ದಳು. ಒಂದು ಪಕ್ಕದ ಗಾಲಿ ಜಾರಿ ಗುಂಡಿಗೆ ಇಳಿಯಿತು, ಸ್ಕೂಟರ್ ಮಗುಚಿ ಅವಳ ಮೇಲೇ ಬಿತ್ತು. ನಾನು ಸದ್ದು ಕೇಳಿ ಓಡಿದೆ. ಅವಳು ಅಳುತ್ತಿರಲಿಲ್ಲ. ಸಲ್ವಾರ್ ಕೆಸರಾಗಿ, ಎಡಗೈ ಸೊಟ್ಟಗೆ ಹಿಡಿದುಕೊಂಡು, "ಗಾಡಿ ಆಫ್ ಮಾಡು ಅಮ್ಮಾ, ಪೆಟ್ರೋಲ್ ಸೋರ್ತಿದೆ" ಎಂದಳು. ಮಣಿಕಟ್ಟು ಮುರಿದಿತ್ತು. ಕಾಲಿಲ್ಲದವರಿಗೆ ಕೈಯೇ ಕಾಲು ಅಲ್ಲವೇ. ಊರುಗೋಲು ಹಿಡಿಯಲಾಗದೆ ಅವಳು ಹಾಸಿಗೆ ಹಿಡಿದಳು. ಶೌಚಕ್ಕೂ ನಾನು ಎತ್ತಬೇಕಾಯಿತು. ಎತ್ತುವಾಗ ಅವಳು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಆರ್.ಕೆ.ಪುರಂನ ಮೆಟ್ಟಿಲಿನ ಮೇಲಿದ್ದ ಮುಖವೇ ಅದು, ನನಗೆ ಗುರುತು ಸಿಕ್ಕಿತು.

ಅವಳ ಮ್ಯಾನೇಜರ್ ಫೋನ್ ಮಾಡಿ ವಿಚಾರಿಸಿದ. ಮೊದಲ ಸಲ ಕನಿಕರದಿಂದ, ಎರಡನೆಯ ಸಲ ಸ್ವಲ್ಪ ಬೇಸರದಿಂದ. ಖಾಸಗಿ ಕಚೇರಿ, ಎಷ್ಟು ದಿನ ಕಾಯುತ್ತಾರೆ? ಆವತ್ತು ನಾನು ನಮ್ಮವರ ಮುಂದೆ ಬಿಳಿ ಹಾಳೆ ಇಟ್ಟೆ.

"ಬರೀರಿ."

"ಏನಂತ?"

"ರಸ್ತೆ ಇಲ್ಲ ಅಂತ. ಇವತ್ತು ಬರೀದಿದ್ರೆ ನಾನು ಈ ಮನೇಲಿ ಒಲೆ ಹಚ್ಚಲ್ಲ."

ಅವರು ಒಳಕೋಣೆಯ ಕಡೆ ನೋಡಿದರು. ಅಲ್ಲಿ ಮಗಳು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಳು. ಪೆನ್ನು ತೆಗೆದುಕೊಂಡರು. ಆ ಒಂದು ಪುಟ ಬರೆಯಲು ಅವರಿಗೆ ಇಡೀ ಭಾನುವಾರ ಬೇಕಾಯಿತು. ಗಲ್ಲಿಯವರೆಲ್ಲ ಸಂಭ್ರಮದಿಂದ ಸಹಿ ಹಾಕಿದರು, ಪಂಜಾಬಿ ಆಂಟಿಯಂತೂ ಬರ್ಫಿ ಹಂಚಿದಳು. ಇಲ್ಲಿ ಇವತ್ತಿನವರೆಗೆ ಯಾವ ರಸ್ತೆಯೂ ನಿರ್ಮಾಣವಾಗಿಲ್ಲ ಎಂದು ನಾವೆಲ್ಲ ಸೇರಿ ಪಾಲಿಕೆಗೆ ತಿಳಿಸಿದೆವು. ಜೆ.ಇ. ಅದನ್ನು ತೆಗೆದುಕೊಂಡು, "ದೇರ್ ಆಯೇ, ದುರುಸ್ತ್ ಆಯೇ" ಎಂದನಂತೆ, ತಡವಾದರೂ ಸರಿಯಾದ ದಾರಿಗೆ ಬಂದಿರಿ ಎಂದು.

ಮಾರ್ಚ್ ಬಂತು. ದಿಲ್ಲಿಯ ಸುತ್ತಮುತ್ತ ಮಾರ್ಚ್ ಅಂದರೆ ರಸ್ತೆಗಳ ಸುಗ್ಗಿ. ವರ್ಷವೆಲ್ಲ ಮಲಗಿದ್ದ ದುಡ್ಡು ತಿಂಗಳ ಕೊನೆಯೊಳಗೆ ಖರ್ಚಾಗದಿದ್ದರೆ ವಾಪಸ್ಸಾಗುತ್ತದಲ್ಲ, ಅದಕ್ಕೆ ಎಲ್ಲೆಲ್ಲೂ ಜಲ್ಲಿ, ಎಲ್ಲೆಲ್ಲೂ ರೋಲರ್. ನಮ್ಮ ಗಲ್ಲಿಯ ಬಾಯಿಗೂ ಒಂದು ಬೆಳಿಗ್ಗೆ ಲಾರಿ ಬಂದು ಕಲ್ಲು ಸುರಿಯಿತು. ನಾನು ಮಗಳನ್ನು ಕುರ್ಚಿಯಲ್ಲಿ ಅಂಗಳಕ್ಕೆ ತಂದು ಕೂರಿಸಿದೆ, ನೋಡಲಿ ಎಂದು. ಅಷ್ಟರಲ್ಲಿ ಅವಳ ಪ್ಲಾಸ್ಟರ್ ಬಿಚ್ಚಿತ್ತು, ಆಫೀಸಿನವರು ಏಪ್ರಿಲ್‌ವರೆಗೆ ಕಾಯಲು ಒಪ್ಪಿದ್ದರು. ಅವಳು ಸ್ಕೂಟರಿನ ಕನ್ನಡಿ ಒರೆಸುತ್ತಾ ಹಾಡು ಗುನುಗುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕೆಲಸದವರು ಹಳೆಯದನ್ನು ಕೆರೆಯುತ್ತಲೇ ಇಲ್ಲ. ಹಳೆಯ ಡಾಂಬರಿನ ಮೇಲೆ, ನಾವು ತುಂಬಿದ ಇಟ್ಟಿಗೆಯ ಮೇಲೆ, ಸೀದಾ ದಪ್ಪ ಕಲ್ಲು ಹರಡುತ್ತಿದ್ದಾರೆ. ಅದರ ಮೇಲೆ ಜಲ್ಲಿ. ಇನ್ನು ಅದರ ಮೇಲೆ ಸಿಮೆಂಟ್ ಬೇರೆ ಬರಬೇಕು. ನಮ್ಮ ಗೇಟು ಹೊರಕ್ಕೆ ತೆರೆಯುವಂಥದ್ದು. ತೆಗೆಯಲು ಹೋದರೆ ಕಲ್ಲಿಗೆ ತಗುಲಿ ನಿಂತಿತು.

"ಭಯ್ಯಾ, ನಿಲ್ಲಿಸಿ! ಪೆಹಲೇ ಪುರಾನಾ ಖೋದೋ!" ಎಂದು ಗುತ್ತಿಗೆದಾರನ ಮೇಲೆ ಕಿರುಚಿದೆ. ಮೊದಲು ಹಳೆಯದನ್ನು ಅಗೆಯಿರಿ, ಇಲ್ಲದಿದ್ದರೆ ನಮ್ಮ ಮನೆ ಹಳ್ಳಕ್ಕೆ ಬೀಳುತ್ತದೆ.

ಅವನು ಪಾನ್ ಉಗಿದು, ಬಹಳ ವಿನಯದಿಂದಲೇ ಹೇಳಿದ. ಎಸ್ಟಿಮೇಟಿನಲ್ಲಿ ಹಳೆಯ ರಸ್ತೆ ಅಗೆಯುವ ಕೆಲಸವೇ ಇಲ್ಲ. ಇಲ್ಲಿ ಹಳೆಯ ರಸ್ತೆಯೇ ಇರಲಿಲ್ಲವಲ್ಲ. ಮಣ್ಣಿನ ನೆಲದ ಮೇಲೆ ಹೊಸ ರಸ್ತೆಗೆ ಎಷ್ಟು ದಪ್ಪ ಬೇಕೋ ಅಷ್ಟನ್ನೂ ಹಾಕಬೇಕು, ಕಡಿಮೆ ಹಾಕಿದರೆ ಅವನ ಬಿಲ್ಲು ನಿಲ್ಲುತ್ತದೆ. "ಆಂಟಿಜೀ, ಜೋ ಹೈ ಹೀ ನಹೀಂ, ಉಸೇ ಕೈಸೇ ಖೋದೇಂ?" ಇಲ್ಲದ್ದನ್ನು ಹೇಗೆ ಅಗೆಯಲಿ ಎಂದು ಕೇಳಿದ. ಅವನ ಬೂಟಿನ ಕೆಳಗೇ ಇತ್ತು ಅದು!

ನಾನು ನಮ್ಮವರ ಆಫೀಸಿಗೆ ಫೋನ್ ಮಾಡಿದೆ. ಅವರು ಅರ್ಧ ದಿನ ರಜೆ ಹಾಕಿ ಸೀದಾ ಪಾಲಿಕೆಗೇ ಹೋದರು. ಎಸ್ಟಿಮೇಟ್ ತಿದ್ದಬೇಕೆಂದರೆ ಕಡತ ಮತ್ತೆ ಮೇಲಕ್ಕೆ ಹೋಗಬೇಕು, ಮಂಜೂರಾತಿ ಬೇಕು. ಅಷ್ಟರಲ್ಲಿ ಮಾರ್ಚ್ ಮುಗಿದು ಹಣ ವಾಪಸ್. ಜೆ.ಇ. ಅವರ ಮುಂದೆ ಅವರದೇ ಕೈಬರಹದ ಹಾಳೆ ಹಿಡಿದು, "ಸರ್, ಆಪ್ ತೋ ಸಮಝ್ತೇ ಹೈಂ" ಎಂದನಂತೆ. ನಿಮಗೆ ಗೊತ್ತಿರುವುದೇ ಅಲ್ಲವೇ ಸಾರ್ ಎಂದು. ಸಂಜೆ ಮನೆಗೆ ಬಂದು ಬೂಟು ಬಿಚ್ಚದೆ ಕೂತರು.

"ಏನಂದ?"

"ಮಾರ್ಚಲ್ಲಿ ತಿದ್ದಕ್ಕಾಗಲ್ಲ."

"ನೀವು ಕೇಳಿದ್ರಾ, ಜಗಳ ಆಡಿದ್ರಾ, ಸುಮ್ನೆ ತಲೆ ಆಡಿಸ್ಕೊಂಡು ಬಂದ್ರಾ?"

"ಅವನ ಕುರ್ಚೀಲಿ ನಾನಿದ್ದಿದ್ರೂ ತಿದ್ತಿರ್ಲಿಲ್ಲ ಕಣೇ" ಎಂದರು. ಅವರ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ನನಗೆ ಮಾತ್ರ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸುಳ್ಳು ಹೇಳದೆ ಎರಡು ವರ್ಷ ಹೋಯಿತು, ಹೇಳಿದ್ದಕ್ಕೆ ಇದು!

ರಸ್ತೆ ಆಯಿತು. ನಯವಾದ ಬೂದು ಬಣ್ಣದ ಸಿಮೆಂಟು, ಕೈಯಲ್ಲಿ ಸವರಬೇಕು ಅನ್ನುವಂಥದ್ದು. ನಮ್ಮ ಅಂಗಳಕ್ಕಿಂತ ಮೊಣಕಾಲೆತ್ತರ ಮೇಲೆ. ಮನೆಯ ಒಳನೆಲಕ್ಕಿಂತಲೂ ಒಂದು ಗೇಣು ಮೇಲೆ. ವಾರ್ಡಿನ ಪಾಲಿಕೆ ಸದಸ್ಯರು ಬಂದು ತೆಂಗಿನಕಾಯಿ ಒಡೆದರು, ಚೆಂಡುಹೂವಿನ ಹಾರ ಹಾಕಿಸಿಕೊಂಡರು, ಲಡ್ಡು ಹಂಚಿದರು. ನಮ್ಮ ಗೇಟಿನ ಮುಂದೆ ನಿಂತು, ಕೆಳಗೆ ಅಂಗಳದಲ್ಲಿ ಸ್ಕೂಟರಿನ ಪಕ್ಕ ಕೂತಿದ್ದ ಮಗಳಿಗೆ ಬಗ್ಗಿ ಲಡ್ಡು ಕೊಟ್ಟು, "ಬೇಟೀ, ಅಬ್ ಖುಶ್?" ಎಂದು ಕೇಳಿದರು. ಅವಳು "ಜೀ" ಎಂದಳು. ಬೇರೆ ಏನು ಹೇಳಿಯಾಳು? ಬಾವಿಯೊಳಗಿದ್ದವರಿಗೆ ಪ್ರಸಾದ ಇಳಿಬಿಟ್ಟ ಹಾಗಿತ್ತು ಅದು.

ಉಳಿದ ಮನೆಯವರು ಎತ್ತರಿಸಿಕೊಂಡರು. ಮಹಡಿ ಇದ್ದವರು ಕೆಳಗಿನ ವರಾಂಡಕ್ಕೆ ಕಲ್ಲುಮಣ್ಣು ತುಂಬಿ ಮೇಲಕ್ಕೆ ಹೋದರು. "ನೀವೂ ಮನೆ ಎತ್ತಿಸಿಬಿಡಿ ಬೆಹೆನ್‌ಜಿ" ಎಂದಳು ಪಂಜಾಬಿ ಆಂಟಿ, ಸೀರೆಯ ನೆರಿಗೆ ಎತ್ತಿಕೊಳ್ಳಿ ಎಂದಷ್ಟು ಸಲೀಸಾಗಿ. ನಮಗೆ ಸಾಲದ ಕಂತು ಕಟ್ಟಿ ತಿಂಗಳು ದಾಟಿಸುವುದೇ ಕಷ್ಟ. ಗೇಟಿನ ಕೆಳಭಾಗ ಕತ್ತರಿಸಿ ಒಳಕ್ಕೆ ತೆರೆಯುವಂತೆ ಮಾಡಿಸಿ, ರಸ್ತೆಯ ಅಂಚಿನಿಂದ ಅಂಗಳಕ್ಕೆ ಒಂದು ಸಿಮೆಂಟಿನ ಇಳಿಜಾರು ಹಾಕಿಸಿದೆವು. ಸ್ಕೂಟರ್ ಅದನ್ನು ಹತ್ತುವಾಗ ಒದರುತ್ತಿತ್ತು, ನಾನು ಹಿಂದಿನಿಂದ ತಳ್ಳುತ್ತಿದ್ದೆ. ಮೇಲೆ ಹತ್ತಿದರೆ ಮಾತ್ರ, ಅಬ್ಬಾ, ಬೆಣ್ಣೆಯ ಹಾಗೆ ಜಾರಿ ಹೋಗುತ್ತಿತ್ತು. ಏಪ್ರಿಲ್, ಮೇ ಎರಡು ತಿಂಗಳು ಮಗಳು ದಿನಾ ಕೆಲಸಕ್ಕೆ ಹೋದಳು. ಸಂಜೆ ಬಂದವಳು ಬೇಕೆಂದೇ ಗಲ್ಲಿಯಲ್ಲಿ ಇನ್ನೊಂದು ಸುತ್ತು ಹೊಡೆದು ಬರುತ್ತಿದ್ದಳು. ಪಾಪಿಗಳು ರಸ್ತೆಯನ್ನೇನೋ ಚೆನ್ನಾಗಿಯೇ ಮಾಡಿದ್ದಾರೆ ಎಂದು ನನ್ನ ಬಾಯಿಂದಲೂ ಬಂತು.

ಆಮೇಲೆ ಮಳೆ. ರಸ್ತೆ ಮಾಡಿದವರು ಉಳಿದ ಸಿಮೆಂಟನ್ನೆಲ್ಲ ಪಕ್ಕದ ಚರಂಡಿಗೆ ತಳ್ಳಿ ಹೋಗಿದ್ದರು. ನೀರಿಗೆ ಹೋಗಲು ಬೇರೆ ಜಾಗವೇ ಇಲ್ಲ. ಇಡೀ ಗಲ್ಲಿಯಲ್ಲಿ ತಗ್ಗಿದ್ದದ್ದು ಒಂದೇ ಮನೆ, ಅದಕ್ಕೊಂದು ಇಳಿಜಾರು ಬೇರೆ ಹಾಸಿಟ್ಟು ಕರೆದಿದ್ದೆವು ನಾವು. ಚರಂಡಿ ನೀರು, ಪ್ಲಾಸ್ಟಿಕ್ಕು, ಸಗಣಿ, ಎಲ್ಲ ಇಳಿದು ಅಂಗಳ ತುಂಬಿ, ಹೊಸ್ತಿಲು ದಾಟಿ ಒಳಗೆ ಬಂತು. ಮೊದಲು ಸಿಕ್ಕಿದ್ದು ಮುಂದಿನ ಕೋಣೆ, ಮಗಳ ಕೋಣೆ. ಒದ್ದೆ ನೆಲದಲ್ಲಿ ಅವಳ ಊರುಗೋಲು ಜಾರುತ್ತದೆ. ನಾವು ಒರೆಸಿ ಮುಗಿಸುವ ತನಕ ಅವಳು ಮಂಚದ ಮೇಲೆಯೇ ಕೂರಬೇಕಾಯಿತು. ಎರಡನೆಯ ಮಳೆಗೆ ಹಾಸಿಗೆಯೂ ನೆನೆಯಿತು. ನಮ್ಮವರು ಪಾಲಿಕೆಗೆ ಓಡಿದರು. ಚರಂಡಿಗೆ ಬೇರೆ ಹೆಡ್ ಅಂತೆ. ಮುಂದಿನ ಬಜೆಟ್ಟಿನಲ್ಲಿ ನೋಡೋಣ ಅಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಗಳೇ ಬೇರೆ ಬೇರೆ, ಒಬ್ಬೊಬ್ಬನದೂ ಒಂದೊಂದು ಗುಡಿ.

ಅವತ್ತು ಬಂದವರೇ ನಮ್ಮವರು ಒಂದಿಷ್ಟು ಇಟ್ಟಿಗೆ, ಅರ್ಧ ಮೂಟೆ ಸಿಮೆಂಟು ತಂದರು. ಇಳಿಜಾರಿನ ತಲೆಯ ಮೇಲೆ, ಗೇಟಿನ ಅಡ್ಡಕ್ಕೆ, ತಾವೇ ಒಂದು ಪುಟ್ಟ ಗೋಡೆ ಕಟ್ಟಿದರು. ಅವರ ಕೈಗೆ ಪೆನ್ನು ಬಿಟ್ಟು ಬೇರೆ ಏನೂ ಗೊತ್ತಿಲ್ಲ. ಸೊಟ್ಟಗಿತ್ತು, ಆದರೆ ನೀರು ನಿಂತಿತು. ಮುಂದಿನ ಮಳೆಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಅವರು ಕಿಟಕಿಯಲ್ಲಿ ನಿಂತು ಹೊರಗೆ ತುಂಬಿದ ನೀರನ್ನು ನೋಡಿ, ಎಷ್ಟೋ ದಿನಗಳ ಮೇಲೆ ನಕ್ಕರು. ಸ್ಕೂಟರ್ ಅಂಗಳದಲ್ಲಿ, ಗೋಡೆಯ ಒಳಗೆ ನಿಂತಿತ್ತು.

"ಮಳೆಗಾಲ ಮುಗಿಯೋವರೆಗೆ ಅಷ್ಟೇ ಪುಟ್ಟಿ" ಎಂದರು ಮಗಳಿಗೆ. "ಆಟೋದವನು ಬಂದ್ರೆ ನಾನೇ ಎತ್ಕೊಂಡು ಹೋಗಿ ಕೂರಿಸ್ತೀನಿ."

ಎರಡು ದಿನ ಹಾಗೂ ಮಾಡಿದರು. ಗೋಡೆ ದಾಟಿಸಿ, ಇಡೀ ಗಲ್ಲಿ ನೋಡುತ್ತಿರುವಾಗ, ಇಪ್ಪತ್ತು ದಾಟಿದ ಮಗಳನ್ನು ಹೆಗಲಿಗೆ ಹಾಕಿಕೊಂಡು. ಮೂರನೆಯ ದಿನ ಅವಳು ತಲೆನೋವು ಎಂದು ಏಳಲಿಲ್ಲ. ಆಮೇಲೆ ದಿನವೂ ಏನೋ ಒಂದು ನೋವು. ಮ್ಯಾನೇಜರಿನ ಫೋನ್ ಮತ್ತೆ ಬಂತು: ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ. ಫೋನ್ ಇಟ್ಟು ಅವಳು ಕಿಟಕಿಯಿಂದ ಆ ಪುಟ್ಟ ಗೋಡೆಯನ್ನು ನೋಡುತ್ತಾ ಕೂತಳು. ಅವಳು ಕೂಗಾಡುವ ಹುಡುಗಿಯಲ್ಲ, ಅದು ನನ್ನ ಇಲಾಖೆ.

ಸೋಮವಾರ ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಕುರ್ತಾ ಹಾಕಿ, ಅಂಗಳದಲ್ಲಿ ಸ್ಕೂಟರಿನ ಮೇಲೆ ಕೂತಿದ್ದಾಳೆ. ಆಕಾಶ ಕಪ್ಪಗಿತ್ತು.

"ಅಪ್ಪಾ, ಇದನ್ನ ತೋಡ್ ದೋ" ಎಂದಳು, ಗೋಡೆ ತೋರಿಸಿ. ಒಡೆದುಬಿಡಿ.

"ಮಳೆ ಬರೋ ಹಾಗಿದೆಯಲ್ಲಮ್ಮಾ. ಮನೆಯೆಲ್ಲ ನೀರಾಗತ್ತೆ. ನಿನ್ನ ರೂಮೇ ಮೊದಲು."

"ಆಗ್ಲಿ. ನೀರು ಬಂದ್ರೆ ಒರೆಸಿ ಪೋಛಾ ಹಾಕ್ಬಹುದು. ನಾನು ಹೋಗ್ದೇ ಇದ್ರೆ ಏನು ಹಾಕ್ತೀರಾ?" ಅವಳು ಗಾಡಿಗೆ ಕೀ ಸಿಕ್ಕಿಸಿದಳು. "ಗುಂಡಿ ಇದ್ದಾಗ್ಲೇ ಚೆನ್ನಾಗಿತ್ತು ಅಪ್ಪಾ. ಬೀಳ್ತಿದ್ದೆ, ಆದ್ರೆ ಹೊರಗೆ ಹೋಗಿ ಬೀಳ್ತಿದ್ದೆ."

ನಾನು ಒಳಗೆ ಹೋಗಿ ಸುತ್ತಿಗೆ ತಂದೆ. ನಮ್ಮವರು ಕೈ ಹಿಡಿಯುತ್ತಾರೆ ಅಂದುಕೊಂಡಿದ್ದೆ, ಹಿಡಿಯಲಿಲ್ಲ. ಪಾಲಿಕೆಯ ಮೇಲಿನ ಸಿಟ್ಟು, ಜೆ.ಇ. ಮೇಲಿನ ಸಿಟ್ಟು, ಲಡ್ಡು ಕೊಟ್ಟವರ ಮೇಲಿನ ಸಿಟ್ಟು, ಪಕ್ಕದಲ್ಲಿ ನಿಂತಿದ್ದ ನಮ್ಮವರ ಮೇಲಿನ ಸಿಟ್ಟು, ಎಲ್ಲ ಸೇರಿಸಿ ಹೊಡೆದೆ. ಅವರು ಮಾಡಿದ ಸಿಮೆಂಟು, ಎಷ್ಟು ಗಟ್ಟಿ ಇದ್ದೀತು? ಇಟ್ಟಿಗೆಗಳು ಇಡಿಯಾಗಿಯೇ ಬಿಟ್ಟುಬಂದವು. ಅವಳು ಗಾಡಿ ಚಾಲೂ ಮಾಡಿದಳು, ನಾವಿಬ್ಬರೂ ಹಿಂದಿನಿಂದ ತಳ್ಳಿದೆವು, ಗಾಡಿ ಒದರಿಕೊಂಡು ರಸ್ತೆಗೆ ಹತ್ತಿತು. ಅವಳು ಹೊರಟುಹೋದಳು.

ಮಧ್ಯಾಹ್ನ ಮಳೆ ಹುಯ್ಯಿತು. ಅವರು ಆವತ್ತು ಆಫೀಸಿಗೆ ಹೋಗಿರಲಿಲ್ಲ. ನೀರು ಇಳಿಜಾರಿನಲ್ಲಿ ಇಳಿಯುವುದನ್ನು ಇಬ್ಬರೂ ನೋಡುತ್ತಾ ನಿಂತೆವು, ಅದು ಹೊಸ್ತಿಲು ದಾಟುವುದನ್ನೂ ನೋಡಿದೆವು. ಅವಳ ಹಾಸಿಗೆ ಸುತ್ತಿ ಮೇಜಿನ ಮೇಲೆ ಇಟ್ಟೆ. ಅವರು ಪ್ಯಾಂಟು ಮಡಿಸಿಕೊಂಡು ಬಕೆಟ್ ಹಿಡಿದರು. ತುಂಬಿ ತೆಗೆದುಕೊಂಡು ಹೋಗಿ ಗೇಟಿನಾಚೆ ರಸ್ತೆಗೆ ಸುರಿಯುತ್ತಿದ್ದರು. ಸುರಿದದ್ದು ಅವರ ಹಿಂದೆಯೇ ಇಳಿಜಾರಿನಲ್ಲಿ ವಾಪಸ್ ಬರುತ್ತಿತ್ತು. ಅವರಿಗೂ ಅದು ಕಾಣುತ್ತಿತ್ತು, ಆದರೂ ಸುರಿಯುತ್ತಿದ್ದರು.

ಆಮೇಲೆ ಬಕೆಟ್ ಬದಿಗಿಟ್ಟು ಹೊರಗೆ ಹೋದರು. ಮಳೆಯಲ್ಲೇ ಬಗ್ಗಿ, ಒಡೆದ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಆರಿಸಿ ತಂದರು. ಮತ್ತೆ ಕಟ್ಟುತ್ತಾರೋ ಏನೋ ಎಂದು ನನಗೆ ರೇಗಿಹೋಯಿತು. "ಏನ್ರೀ ಅದು, ಬುದ್ಧಿ ಬರಲ್ವಾ ನಿಮಗೆ?" ಎಂದು ಬಾಯಿ ತೆಗೆದೆ. ಅವರು ಇಟ್ಟಿಗೆ ಹೊತ್ತು ಸೀದಾ ಮಗಳ ಕೋಣೆಗೆ ಹೋಗಿ, ನೀರಿನಲ್ಲಿ ಮಂಡಿಯೂರಿ ಕೂತರು.

"ಸ್ವಲ್ಪ ಆ ಕಡೆ ಎತ್ತಿ ಹಿಡ್ಕೊ" ಎಂದರು. ನಾನು ಮಂಚ ಎತ್ತಿ ಹಿಡಿದೆ. ಅವರು ನಾಲ್ಕು ಕಾಲಿನ ಕೆಳಗೂ ಇಟ್ಟಿಗೆ ಜೋಡಿಸಿ, ಅಲ್ಲಾಡಿಸಿ ನೋಡಿ, ಇನ್ನೊಂದು ವರಸೆ ಇಟ್ಟರು. ಆಮೇಲೆ ಎದ್ದು ಗಡಿಯಾರ ನೋಡಿದರು.

"ಅವಳು ಬರೋ ಹೊತ್ತಾಯ್ತು. ಗೇಟು ಪೂರ್ತಿ ತೆಗೆದಿಡು."